ನಕ್ಷೆಯ ಕಾಲು

ಗೋಡೆಯ ಮೇಲೆ ಲೆಕ್ಕದ ಏರಿಳಿತ ತೋರಿಸುವ ಯಾವ ನಕ್ಷೆ ಕಂಡರೂ ನಾನು ಮೊದಲು ನೋಡುವುದು ಅದರ ಕಾಲನ್ನು. ಉಳಿದವರೆಲ್ಲ ತಲೆ ನೋಡುತ್ತಾರೆ. ಎಷ್ಟು ಎತ್ತರಕ್ಕೆ ಏರಿದೆ, ಎಂಥ ಬಣ್ಣ ಹಚ್ಚಿದ್ದಾರೆ ಎಂದು ಕತ್ತೆತ್ತಿ ನಿಲ್ಲುತ್ತಾರೆ. ನಾನು ಮಾತ್ರ ಸೆರಗು ಸಿಕ್ಕಿಸಿಕೊಂಡು ಬಗ್ಗಿ, ನೆಲದ ಹತ್ತಿರ ಹುಡುಕುತ್ತೇನೆ. ಮೊನ್ನೆ ಸಿಂಧನೂರಿನಲ್ಲಿ ಕಾಲುವೆಗೆ ನೀರು ಬಂದು ಒಂದು ಸುಗ್ಗಿ ಕಳೆದ ಸಂಭ್ರಮಕ್ಕೆ ಯಾರೋ ಏರ್ಪಡಿಸಿದ್ದ ಪ್ರದರ್ಶನದಲ್ಲಿ ಹೀಗೆ ಬಗ್ಗಿದ್ದಾಗ, ಹಿಂದೆ ನಿಂತಿದ್ದ ಹಿರಿಯರೊಬ್ಬರು, "ಏನ್ ಬಿತ್ತವಾ ತಂಗಿ, ಕಿವ್ಯಾಗಿನ ಓಲೇನ?" ಎಂದು ತಾವೂ ಬಗ್ಗಿದರು. ನಕ್ಷೆಯ ಕಾಲು ನೋಡುತ್ತಿದ್ದೇನೆ ಎಂದೆ. ಅವರು ನೆಟ್ಟಗೆ ನಿಂತು, ನನ್ನ ಸಂಗಡ ಮನೆಯವರು ಯಾರಾದರೂ ಬಂದಿದ್ದಾರೆಯೇ ಎಂದು ಸುತ್ತ ನೋಡಿದರು.

ಆ ಪಟದಲ್ಲಿ ಎರಡು ಭತ್ತದ ಚೀಲಗಳಿದ್ದವು. ಕಾಲುವೆ ಬರುವ ಮೊದಲಿನದು ಒಂದು, ಬಂದ ಮೇಲಿನದು ಒಂದು. ಬೆಳೆ ಎರಡು ಪಟ್ಟಾಗಿದೆ ಎಂದು ಕೆಳಗೆ ಬರೆದಿತ್ತು. ಚಿತ್ರ ಬರೆದವನು ಎರಡನೆಯ ಚೀಲವನ್ನು ಎರಡು ಪಟ್ಟು ಎತ್ತರ ಮಾಡಿದ್ದ. ಬರೀ ಎತ್ತರ ಮಾಡಿದರೆ ಚೀಲ ಒನಕೆಯ ಹಾಗೆ ಕಂಡೀತೆಂದು ಅಗಲವನ್ನೂ ಎರಡು ಪಟ್ಟು ಮಾಡಿದ್ದ. ಅಲ್ಲಿಗೆ ಅದು ನಾಲ್ಕು ಪಟ್ಟಾಯಿತು. ಸಾಲದ್ದಕ್ಕೆ ಹೊಟ್ಟೆಯನ್ನೂ ಉಬ್ಬಿಸಿದ್ದ. ಮೊದಲಿನ ಚೀಲಗಳನ್ನು ತಂದು ಇದರೊಳಗೆ ಸುರಿದರೆ ಎಂಟು ಹಿಡಿಯುತ್ತಿದ್ದವು. ಕೆಳಗಿನ ಅಕ್ಷರ ನಿಜವನ್ನೇ ಹೇಳುತ್ತಿತ್ತು, ಆದರೆ ಚೀಲದ ಹೊಟ್ಟೆ ಕಂಡ ಮೇಲೆ ಅಕ್ಷರ ಓದುವವರು ಯಾರು? ಮುಕ್ಕುಂದದ ರೈತರೊಬ್ಬರು ಬಹಳ ಹೊತ್ತು ನೋಡಿ, "ಬೆಳೀ ಖರೆ ಇರಬೌದು. ಆದ್ರ ಈ ಚೀಲ ಹೊರೋ ಹಮಾಲನ ಪಟಾನೂ ಒಂದು ಹಚ್ಚಬೇಕಾಗಿತ್ತು" ಎಂದರು. ನಾನು ಅಲ್ಲೇ ಕಂಬ ಹಿಡಿದುಕೊಂಡು ನಕ್ಕೆ.

ಇಂಥ ಮಾತು ಕೇಳಿದರೆ ನನಗೆ ಹಬ್ಬ. ಗುರುಗುಂಟಾ ಸಂತೆಯಲ್ಲಿ ಒಬ್ಬ ಕುರಿಗಳಿಗೆ ಕುಡಿಸುವ ಔಷಧ ಮಾರುತ್ತಿದ್ದ. ಅವನ ಹಿಂದೆ ಬಟ್ಟೆಯ ಮೇಲೆ ಬರೆದ ಎರಡು ಕುರಿ, ಔಷಧ ಕುಡಿಯುವ ಮೊದಲು ಒಂದು, ಕುಡಿದ ಮೇಲೆ ಒಂದು. ಮೊದಲನೆಯದು ಬೆರಳಿನಷ್ಟು, ಎರಡನೆಯದು ಎಮ್ಮೆಯಷ್ಟು. ಜನ ಬಾಟಲಿ ಕೊಳ್ಳಲು ಕೈ ಚಾಚುತ್ತಿದ್ದರು. ಕಂಬಳಿ ಹೊದ್ದ ಕುರಿಗಾರನೊಬ್ಬ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿ, "ಇದು ಅದ ಕುರಿ ಐತ್ರೆಪಾ. ಬರೀ ಹತ್ರ ಬಂದೈತಿ" ಎಂದ. ಸಣ್ಣ ಕುರಿಯ ಕಾಲಡಿಯಲ್ಲಿ ದೂರದ ಗುಡ್ಡವಿತ್ತು, ದೊಡ್ಡದರ ಕಾಲಡಿಯಲ್ಲಿ ಈಚೆಯ ಹುಲ್ಲಿತ್ತು. ಅಲ್ಲಿಯೂ ಗುಟ್ಟು ಕಾಲಿನ ಹತ್ತಿರವೇ ಇತ್ತು.

ನನಗೆ ಈ ಚಟ ಹತ್ತಿದ್ದು ಐದಾರು ವರ್ಷದ ಹಿಂದೆ, ಮಸ್ಕಿಯಲ್ಲಿ. ಆಗಲೂ ಈಗಲೂ ನಾನು ಅಲ್ಲಿನ ಹೆಣ್ಣುಮಕ್ಕಳ ಸಾಲೆಯ ಅಕ್ಕೋರು. ಅಕ್ಕೋರು ಅಂದರೆ ಒಬ್ಬಳೇ. ಪಾಠ ಹೇಳುವವಳು, ಗಂಟೆ ಬಾರಿಸುವವಳು, ಹುಡುಗಿಯರ ಜಡೆ ಬಿಚ್ಚಿದರೆ ಕಟ್ಟುವವಳು ಎಲ್ಲವೂ ನಾನೇ. ನಿಜಾಮರ ಕಾಲ ಮುಗಿದು ಸರ್ಕಾರ ಬದಲಾಗಿತ್ತು. ಆದರೆ ನಮ್ಮ ತಲೆ ಅಷ್ಟು ಬೇಗ ಬದಲಾಗಬೇಕಲ್ಲ. ನಾನು ಕಲಿತದ್ದು ಉರ್ದು ಸಾಲೆಯಲ್ಲಿ, ಮನೆಯಲ್ಲಿ ಅಜ್ಜಿಗೆ ಪುರಾಣ ಓದಿ ಹೇಳುತ್ತಿದ್ದದ್ದು ಕನ್ನಡದಲ್ಲಿ. ಹಗಲೆಲ್ಲ ಬಲದಿಂದ ಎಡಕ್ಕೆ, ಸಂಜೆಗೆ ಎಡದಿಂದ ಬಲಕ್ಕೆ. ಇದರ ನಡುವೆ ಉರ್ದುವಿನ ಅಂಕಿಗಳದ್ದು ಬೇರೆಯೇ ರಾಜ್ಯಭಾರ. ಅಕ್ಷರಗಳೆಲ್ಲ ಬಲದಿಂದ ಎಡಕ್ಕೆ ಶಿಸ್ತಾಗಿ ನಡೆದು ಬರುತ್ತಿದ್ದರೆ, ಅಂಕಿಗಳು ಮಾತ್ರ ಎಡದಿಂದ ಬಲಕ್ಕೆ ಎದುರು ಬಂದು ನಿಲ್ಲುತ್ತವೆ. ಇಂಥ ಓದು ಓದಿದವಳ ತಲೆಯಲ್ಲಿ ಎಡ ಬಲ ಎರಡೂ ಇರುತ್ತವೆ, ಯಾವುದು ಯಾವಾಗ ಎದ್ದು ಬರುತ್ತದೆ ಎಂದು ಹೇಳಲು ಬರುವುದಿಲ್ಲ.

ಹೊಸ ಇನ್ಸ್‌ಪೆಕ್ಟರ್ ಸಾಹೇಬರು ಸಾಲೆಗಳನ್ನು ನೋಡಲು ಬರುತ್ತಾರೆ, ಪ್ರತಿ ಸಾಲೆಯಲ್ಲೂ ಹಾಜರಿಯ ನಕ್ಷೆ ತೂಗುಹಾಕಿರಬೇಕು ಎಂದು ಲಿಂಗಸುಗೂರಿನಿಂದ ಹೇಳಿ ಕಳಿಸಿದರು. ನನಗೆ ನೆಟ್ಟಗೆ ಗೆರೆ ಎಳೆಯಲು ಬಾರದು. ನಾನು ಬರೆದ ಕಂಬ ಗಾಳಿಗೆ ಬಾಗಿದ ಜೋಳದ ದಂಟಾಗುತ್ತದೆ. ಗಂಡುಹುಡುಗರ ಸಾಲೆಯ ಡ್ರಾಯಿಂಗ್ ಮಾಸ್ತರು ಖಾದರ್ ಸಾಹೇಬರನ್ನು ಕೇಳಿಕೊಂಡೆ. ಅವರ ಕೈಬರಹ ನೋಡಲೆಂದೇ ಜನ ಅವರಿಂದ ಲಗ್ನಪತ್ರಿಕೆ ಬರೆಸುತ್ತಿದ್ದರು. ಅವರು ಒಂದು ದಪ್ಪ ಕಾಗದ ತಂದು, ವರ್ಷಕ್ಕೊಂದು ಕಂಬ ನಿಲ್ಲಿಸಿ, ಹಸಿರು ಬಣ್ಣ ತುಂಬಿದರು. ಕೆಳಗೆ ನಿಜಾಮರ ಕಾಲದ ಫಸಲಿ ಲೆಕ್ಕದ ವರ್ಷಗಳನ್ನು ಉರ್ದು ಅಂಕಿಯಲ್ಲಿ ಮುತ್ತು ಪೋಣಿಸಿದಂತೆ ಬರೆದರು. ಹಳೆಯ ವರ್ಷ ಬಲತುದಿಗೆ, ಹೊಸ ವರ್ಷ ಎಡತುದಿಗೆ. ಇಬ್ಬರಿಗೂ ಅದು ಸಹಜವಾಗಿಯೇ ಕಂಡಿತು. ಬಲಗಡೆ ಮೋಟುಗಂಬ, ನಡುವಿನ ಒಂದನ್ನು ಬಿಟ್ಟರೆ ಎಡಕ್ಕೆ ಬಂದಂತೆ ಉದ್ದ, ಕೊನೆಗೆ ಎಡತುದಿಯ ಕಂಬ ಕಾಗದದ ನೆತ್ತಿಗೇ ಮುಟ್ಟಿತ್ತು.

ಅದನ್ನು ನೋಡಿ ನನಗೇ ಅಚ್ಚರಿ. "ಮಾಸ್ತರ್ರೇ, ನಮ್ಮ ಸಾಲಿ ಇಷ್ಟು ಬೆಳದೈತೇನ್ರಿ?" ಎಂದೆ.

"ಬೆಳದೈತ್ರಿ ಅಕ್ಕೋರ. ಆದ್ರ ಕಾಗದ ಸಾಲ್ಲಿಲ್ಲ. ಅದಕ ಬುಡಾ ಬಿಟ್ಟು ಮ್ಯಾಲಿಂದ ಬರದೀನಿ. ಎಲ್ಲಾ ವರ್ಷಾನೂ ಇದ್ದ ಇರೋ ಹುಡುಗ್ಯಾರ್ನ ಯಾಕ ಬರೀಬೇಕ್ರಿ? ಅವರು ಇದ್ದ ಅದಾರ."

ಎಷ್ಟು ಸರಿಯಾದ ಮಾತು ಅನಿಸಿತು ನನಗೆ. ಇದ್ದೇ ಇರುವವರನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಮನೆಯಲ್ಲೂ ಹಾಗೆಯೇ ತಾನೇ. ಐದಾರು ಹುಡುಗಿಯರು ಹೆಚ್ಚಾಗಿದ್ದದ್ದು ಐದಾರು ಪಟ್ಟು ಹೆಚ್ಚಾದ ಹಾಗೆ ಕಾಣುತ್ತಿತ್ತು. ನಾನು ಆ ಕಂಬದ ಎದುರು ನಿಂತು, ಅಷ್ಟು ಹಸಿರನ್ನೂ ನಾನೇ ನೀರುಣಿಸಿ ಬೆಳೆಸಿದವಳ ಹಾಗೆ ಹಿಗ್ಗಿದೆ.

ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಬಳ್ಳಾರಿ ಕಡೆಯವರು, ಕನ್ನಡ ತೆಲುಗು ಇಂಗ್ಲಿಷು ಬಲ್ಲವರು, ಉರ್ದು ಮಾತ್ರ ಬಾರದು. ಮೆದು ಮನಸ್ಸಿನ ಮನುಷ್ಯ. ನಕ್ಷೆಯ ಎದುರು ಕೈಕಟ್ಟಿ ನಿಂತರು. ಎಡದಿಂದ ಬಲಕ್ಕೆ ಅವರ ಕಣ್ಣು ಮೆಟ್ಟಿಲಿಳಿದ ಹಾಗೆ ಸಾಗಿತು. ಮುಖ ಬಾಡಿತು. ಕೆಳಗಿನ ಅಂಕಿಗಳನ್ನು ಅವರು ಅಂಚಿನ ಬಳ್ಳಿ ಎಂದು ತಿಳಿದರೋ ಏನೋ. "ಬಹಳ ಸ್ಪಷ್ಟವಾಗಿದೆ" ಎಂದರು. ಮತ್ತೆ ಸ್ವಲ್ಪ ತಡೆದು, "ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಮ್ಮಾ. ಇದರಲ್ಲಿ ನಿಮ್ಮದೇನೂ ಇಲ್ಲ" ಎಂದರು. ಹೊಗಳಿಕೆಯನ್ನು ಇಷ್ಟು ಗಂಭೀರವಾಗಿ ಹೇಳುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬೀಗಬೇಡ ಎಂದು ಬುದ್ಧಿ ಹೇಳುತ್ತಿದ್ದಾರೆ ಎಂದುಕೊಂಡು ಕೈಮುಗಿದೆ. ಅವರು ಹೋದ ಮೇಲೆ ಖಾದರ್ ಮಾಸ್ತರು, "ದೊಡ್ಡೋರ ಮಾತು ಹಂಗ ಇರ್ತಾವ್ರಿ, ಒಳಗ ಸಂತೋಷ ಇರ್ತೈತಿ" ಎಂದರು. ಸಾಲೆಗೆಲ್ಲ ಮಂಡಾಳ ಒಗ್ಗರಣೆ, ಮಿರ್ಚಿ ಹಂಚಿದೆವು.

ಮಿರ್ಚಿಯ ಖಾರ ನಾಲಿಗೆಯಿಂದ ಇಳಿಯುವಷ್ಟರಲ್ಲಿ ಹುಕುಂ ಬಂತು. ಹುಡುಗಿಯರ ಹಾಜರಿ ವರ್ಷವರ್ಷಕ್ಕೆ ಕುಸಿಯುತ್ತಿರುವುದನ್ನು ಕಣ್ಣಾರೆ ಕಂಡದ್ದರಿಂದ, ಬರುವ ತಿಂಗಳಿಂದ ಈ ಸಾಲೆಯನ್ನು ಗಂಡುಹುಡುಗರ ಸಾಲೆಯಲ್ಲಿ ಸೇರಿಸತಕ್ಕದ್ದು. ಓದಿ ನನಗೆ ಮೊದಲು ಬಂದದ್ದು ನಗು. ಕುಸಿಯುತ್ತಿರುವುದು ಎಲ್ಲಿ? ಬೇರೆ ಊರಿನ ಹುಕುಂ ತಪ್ಪಿ ಇಲ್ಲಿಗೆ ಬಂದಿದೆ ಎಂದುಕೊಂಡೆ. ಆದರೆ ಊರಿನ ಹೆಸರು ನಮ್ಮದೇ ಇತ್ತು. ಸುದ್ದಿ ಸಂಜೆಯೊಳಗೆ ಮನೆಮನೆ ಮುಟ್ಟಿತು. ನಮ್ಮ ಸಾಲೆಯ ಹುಡುಗಿ ಗೌರಿಯ ತಾಯಿ ಬಂದು ಬಾಗಿಲಲ್ಲಿ ನಿಂತರು. "ಗಂಡುಹುಡುಗ್ರ ಸಾಲಿಗೆ ಅಕಿನ್ನ ಕಳ್ಸಂಗಿಲ್ರಿ ಅಕ್ಕೋರ. ಅವರಪ್ಪ ಆಗಲೇ ವರಾ ನೋಡೂಣು ಅನ್ನಾಕತ್ತ್ಯಾರ. ಸಾಲಿ ಐತಿ ಅಂತ ತಡದಿದ್ದೆ. ಇನ್ನೇನ್ ಹೇಳ್ಲಿ?" ಗೌರಿಗೆ ಆಗಿನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ. ಸೇರಿಸುವುದು ಅಂದರೆ ಮುಚ್ಚುವುದೆಂದು ಊರಿಗೆಲ್ಲ ಗೊತ್ತಿತ್ತು, ಹುಕುಂ ಬರೆದವರಿಗೆ ಗೊತ್ತಿರಲಿಲ್ಲ.

ಮರುದಿನ ನಾನೂ ಖಾದರ್ ಮಾಸ್ತರೂ ನಕ್ಷೆಯನ್ನು ಸುರುಳಿ ಸುತ್ತಿಕೊಂಡು ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಹತ್ತಿದೆವು. ಸಾಹೇಬರ ತಲೆ ಕೆಟ್ಟಿದೆ, ಕಣ್ಣಿಗೆ ಹಿಡಿದು ತೋರಿಸಿಬಿಡೋಣ ಎಂಬುದು ನನ್ನ ಹುರುಪು. ಬಸ್ಸಿನಲ್ಲಿ ಆ ಸುರುಳಿ ಒಂದು ಸಲ ಮುಂದಿನವರ ಪೇಟಕ್ಕೆ, ಒಂದು ಸಲ ಹಿಂದಿನವರ ಮೂಗಿಗೆ ತಾಗುತ್ತ ಎಲ್ಲರ ಪರಿಚಯ ಮಾಡಿಕೊಂಡಿತು. ಏನದು ಎಂದರು ಒಬ್ಬರು. ನಕ್ಷಾ ಎಂದರು ಖಾದರ್ ಮಾಸ್ತರು. ತಪ್ಪಾಯಿತು. ನಮ್ಮ ಕಡೆ ನಕ್ಷಾ ಎಂದರೆ ಹೊಲದ ನಕ್ಷಾ. ಕಾಲುವೆ ಯಾರ ಹೊಲದಲ್ಲಿ ಹಾಯುತ್ತದೆ ಎಂದು ಇಡೀ ಸೀಮೆಯೇ ಉಸಿರು ಹಿಡಿದು ಕೂತಿದ್ದ ಕಾಲವದು. ಬಸ್ಸಿಗೆ ಬಸ್ಸೇ ಎದ್ದು ನಿಂತಿತು. ಬಿಚ್ಚಿ ತೋರಿಸದೆ ಗತಿಯಿರಲಿಲ್ಲ.

"ಇದ್ರಾಗ ನಮ್ಮ ಹೊಲ ಯಾವುದ್ರಿ?" ಎಂದು ಒಬ್ಬರು ಹಸಿರು ಕಂಬವೊಂದರ ಮೇಲೆ ಬೆರಳಿಟ್ಟರು. ಹೊಲ ಅಲ್ಲ, ಹುಡುಗಿಯರು ಎಂದೆ. ಅವರು ಬೆರಳನ್ನು ಬೆಂಕಿಯಿಂದ ತೆಗೆದಂತೆ ತೆಗೆದರು. ಕಿಟಕಿಯ ಬದಿಗೆ ಕೂತಿದ್ದ ಶೇರವಾನಿಯ ಮುನ್ಷಿಯೊಬ್ಬರು ಕನ್ನಡಕ ಏರಿಸಿ, "ಮಾಶಾ ಅಲ್ಲಾ, ಭಾಳ ತರಕ್ಕಿ ಆಗೈತ್ರಿ ನಿಮ್ಮ ಸಾಲಿ" ಎಂದರು. ನಾನು ಬೀಗುವಷ್ಟರಲ್ಲಿ ಅವರ ಪಕ್ಕದಲ್ಲಿದ್ದ ಸಿಂಧನೂರಿನ ಕಿರಾಣಿ ಅಂಗಡಿಯವರು ಲೊಚಗುಟ್ಟಿದರು. "ತರಕ್ಕಿ ಎಲ್ಲೈತ್ರಿ ಮುನ್ಷೀಜಿ? ಪಾಪ, ಪೂರಾ ಕುಂತ ಬಿಟ್ಟೈತಿ."

"ಏರೈತ್ರಿ."

"ಇಳದೈತ್ರಿ. ನನಗ ಕಣ್ಣಿಲ್ಲೇನು?"

ಇಬ್ಬರೂ ಒಂದೇ ಕಾಗದದ ಮೇಲೆ ಬೆರಳು ಓಡಿಸುತ್ತಿದ್ದರು. ಮುನ್ಷಿಯವರ ಬೆರಳು ಬಲದಿಂದ ಎಡಕ್ಕೆ ಹತ್ತುತ್ತಿತ್ತು, ಅಂಗಡಿಯವರದು ಎಡದಿಂದ ಬಲಕ್ಕೆ ಇಳಿಯುತ್ತಿತ್ತು, ನಡುವೆ ಎರಡೂ ಡಿಕ್ಕಿ ಹೊಡೆದವು. ಬಸ್ಸು ಎರಡು ಪಕ್ಷವಾಯಿತು. ಉರ್ದು ಓದಿದವರೆಲ್ಲ ನಮ್ಮ ಸಾಲೆಯನ್ನು ಏರಿಸಿದರು, ಕನ್ನಡ ಓದಿದವರೆಲ್ಲ ಇಳಿಸಿದರು, ಯಾವುದನ್ನೂ ಓದದವರು ಬಣ್ಣ ಚೆನ್ನಾಗಿದೆ ಎಂದರು. ನಾನು ಖಾದರ್ ಮಾಸ್ತರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಇಬ್ಬರಿಗೂ ಒಮ್ಮೆಲೇ ತಿಳಿಯಿತು. ಸಾಲೆ ಮುಳುಗುವ ಹೊತ್ತಿನಲ್ಲಿ ನಗಬಾರದು, ಆದರೆ ನನಗೆ ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಖಾದರ್ ಮಾಸ್ತರು ಮಾತ್ರ ಅಂಗೈಯಲ್ಲಿ ಹಣೆ ಹಿಡಿದು, "ಸಾಹೇಬ್ರು ನನ್ನ ನಕ್ಷಾ ಉಲ್ಟಾ ಓದ್ಯಾರ" ಎಂದು ಗೊಣಗುತ್ತ ಕೂತರು.

ಉಲ್ಟಾ ಯಾವುದು, ಸುಲ್ಟಾ ಯಾವುದು ಎಂದು ನಿರ್ಧರಿಸುವವರು ಯಾರು? ನಮ್ಮ ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ದೊರೆಯೊಬ್ಬನ ಬರಹವಿದೆ. ಅದು ಎಡದಿಂದ ಬಲಕ್ಕೆ. ಅದೇ ದೊರೆ ದೇಶದ ವಾಯವ್ಯ ಮೂಲೆಯಲ್ಲಿ ಬರೆಸಿದ್ದು ಬಲದಿಂದ ಎಡಕ್ಕಿದೆಯಂತೆ. ಕರ್ನೂಲಿನ ಕಡೆಯ ಒಂದು ಬಂಡೆಯ ಮೇಲಂತೂ ಒಂದು ಸಾಲು ಹೋಗುತ್ತದೆ, ಮುಂದಿನದು ಬರುತ್ತದೆ, ನೇಗಿಲು ಹೂಡಿದ ಎತ್ತು ಹೊಲದ ತುದಿಯಲ್ಲಿ ತಿರುಗಿಕೊಳ್ಳುವ ಹಾಗೆ. ಅಷ್ಟು ದೊಡ್ಡ ದೊರೆಗೇ ಇಲ್ಲದ ಹಟ ನಮಗೆ ಬೇಡ. ಆದರೆ ಯಾವ ಕಡೆಯಿಂದ ಓದಬೇಕು ಎಂಬುದನ್ನು ಬರೆದವನು ಒಂದು ಮೂಲೆಯಲ್ಲಾದರೂ ಹೇಳಿದ್ದರೆ ಬಸ್ಸಿನಲ್ಲಿ ಜಗಳವಾದರೂ ತಪ್ಪುತ್ತಿತ್ತು.

ಲಿಂಗಸುಗೂರಿನ ಬಂಗಲೆಯಲ್ಲಿ ಸಾಹೇಬರು ಒಬ್ಬರೇ ಕೂತಿದ್ದರು. ಹುಕುಮನ್ನು ಅವರ ಮೇಜಿನ ಮೇಲಿಟ್ಟು ನಾನು ವಿಷಯ ಹೇಳಿದೆ. ಅವರು ನಂಬಲಿಲ್ಲ. "ನಾನು ನಿಮ್ಮ ಮಾತು ಕೇಳಿ ಬರೆದದ್ದಲ್ಲ ಅಮ್ಮಾ, ಕಣ್ಣಿಂದ ನೋಡಿ ಬರೆದದ್ದು" ಎಂದರು. ಖಾದರ್ ಮಾಸ್ತರು ಕೆಳಗಿನ ವರ್ಷಗಳನ್ನು ಬಲದಿಂದ ಎಡಕ್ಕೆ ಒಂದೊಂದಾಗಿ ಓದಿ ಹೇಳಿ, ಕಿಟಕಿಯ ಹತ್ತಿರ ಹೋಗಿ, ಕಾಗದದ ಬೆನ್ನು ನಮ್ಮ ಕಡೆ ಬರುವ ಹಾಗೆ ಬೆಳಕಿಗೆ ಹಿಡಿದರು. ಹಸಿರು ಕಂಬಗಳು ಹಿಂದಿನಿಂದ ಮಸುಕಾಗಿ ಮೂಡಿದವು. ಎಡದಲ್ಲಿ ಮೋಟು, ಬಲದಲ್ಲಿ ಉದ್ದ. ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು.

ಮೆದು ಮನಸ್ಸಿನವರು ಒಂದು ಕಡೆ ವಾಲಿದಷ್ಟೇ ಜೋರಾಗಿ ಇನ್ನೊಂದು ಕಡೆಯೂ ವಾಲುತ್ತಾರೆ. "ಇದೇನಿದು, ಐದು ಪಟ್ಟು ಬೆಳೆದಿದೆ. ನಾನು ಮುಚ್ಚಲು ಹೊರಟಿದ್ದೆನಲ್ಲ" ಎಂದು ಕೈಕೈ ಹಿಸುಕಿಕೊಂಡರು. ಹುಕುಂ ವಾಪಸು ತೆಗೆದುಕೊಳ್ಳುತ್ತೇನೆ ಎಂದರು. ಇಷ್ಟು ಬೆಳೆದ ಸಾಲೆಗೆ ಒಬ್ಬರೇ ಅಕ್ಕೋರು ಸಾಲದು, ಇನ್ನೊಬ್ಬರನ್ನು ಕೊಡಿ ಎಂದು ರಾಯಚೂರಿಗೆ ಬರೆಯುತ್ತೇನೆ ಎಂದರು. ಈ ನಕ್ಷೆಯನ್ನು ತಾಲೂಕಿನ ಎಲ್ಲ ಸಾಲೆಗಳಿಗೂ ಮಾದರಿಯಾಗಿ ತೋರಿಸುತ್ತೇನೆ ಎಂದರು. ನನ್ನ ಎದೆಯಲ್ಲಿ ಬ್ಯಾಂಡು ಬಾರಿಸತೊಡಗಿತು. ಇನ್ನೊಬ್ಬ ಅಕ್ಕೋರು. ಇನ್ನು ಮೇಲೆ ನನಗೆ ಜ್ವರ ಬಂದರೂ ಸಾಲೆ ನಡೆಯುತ್ತದೆ.

ಆಗ ನನ್ನ ಕಣ್ಣು ನಕ್ಷೆಯ ಕಾಲಿನ ಕಡೆ ಹೋಯಿತು. ಕಾಲೇ ಇರಲಿಲ್ಲ. ಎಂಥ ವಿಚಿತ್ರ ನೋಡಿ. ಇದೇ ಕಾಗದ ನಮ್ಮ ವಿರುದ್ಧ ಸುಳ್ಳು ಹೇಳಿದಾಗ ಬಸ್ಸು ಹತ್ತಿ ಓಡಿ ಬಂದೆವು. ನಮ್ಮ ಪರವಾಗಿ ಸುಳ್ಳು ಹೇಳುವಾಗ ಅದು ಎಷ್ಟು ಸುಂದರವಾಗಿ ಕಾಣುತ್ತದೆ. ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ ಎಂದು ಮನಸ್ಸು ಪಿಸುಗುಟ್ಟಿತು. ಸುಮ್ಮನೆ ಇರುತ್ತಲೂ ಇದ್ದೆನೇನೋ. ಆದರೆ ಗೌರಿಯ ತಾಯಿಯ ಮುಖ ನೆನಪಾಯಿತು. ನಾಳೆ ಗೌರಿಯಂಥ ಮೂವರಿಗೆ ಲಗ್ನವಾಗಿಬಿಟ್ಟರೆ? ಕಾಲಿಲ್ಲದ ಕಂಬ ಅಷ್ಟಕ್ಕೇ ಅರ್ಧಕ್ಕೆ ಬಿದ್ದಿರುತ್ತದೆ, ಈ ಮೆದು ಮನುಷ್ಯ ಮತ್ತೆ ಮುಖ ಬಾಡಿಸಿಕೊಂಡು ಅದೇ ಹುಕುಂ ಬರೆಯುತ್ತಾರೆ. ಬುಡವಿಲ್ಲದೆ ಏರಿದ್ದು ಬುಡವಿಲ್ಲದೆಯೇ ಇಳಿಯುತ್ತದೆ. ಸತ್ಯದ ಮೇಲಿನ ಪ್ರೀತಿಯಿಂದ ಬಾಯಿ ಬಿಟ್ಟೆ ಎಂದು ಹೇಳಿಕೊಳ್ಳುವ ಆಸೆ ನನಗೂ ಇದೆ. ಬಾಯಿ ಬಿಡಿಸಿದ್ದು ಭಯ.

"ಸಾಹೇಬ್ರ, ಇದಕ ಬುಡಾ ಇಲ್ರಿ. ಕಾಗದ ಸಾಲ್ದ ಬಿಟ್ಟೀವಿ. ಹೆಚ್ಚಾದ ಹುಡುಗ್ಯಾರು ಬರೀ ಐದಾರು ಮಂದಿ" ಎಂದೆ. ಖಾದರ್ ಮಾಸ್ತರು ಕಿಟಕಿಯ ಆಚೆ ಬೇವಿನ ಮರ ನೋಡತೊಡಗಿದರು.

ಸಾಹೇಬರು ಕುಳಿತರು. ಕಾಗದವನ್ನು ಮೇಜಿನ ಮೇಲೆ ಹರಡಿಕೊಂಡರು. ರಾಯಚೂರು, ಇನ್ನೊಬ್ಬ ಅಕ್ಕೋರು, ಮಾದರಿ ಸಾಲೆ ಎಲ್ಲ ಆ ಕೋಣೆಯಿಂದ ಒಂದೊಂದಾಗಿ ಎದ್ದು ಹೋದದ್ದು ನನಗೆ ಕಾಣುತ್ತಿತ್ತು. ಹುಕುಂ ಮಾತ್ರ ಮೇಜಿನ ಮೇಲೆ ಹಾಗೆಯೇ ಇತ್ತು. ಈ ಸಲ ಅವರು ಕಣ್ಣಿನಿಂದಲ್ಲ, ಬೆರಳಿನಿಂದ ಓದಿದರು. ಮೋಟುಗಂಬದಿಂದ ಹತ್ತುತ್ತ ಹತ್ತುತ್ತ ನಡುವೆ ಒಂದು ಕಡೆ ಬೆರಳು ಗುಂಡಿಗೆ ಬಿತ್ತು. ಅಲ್ಲಿ ಒಂದು ವರ್ಷದ ಕಂಬ ಹಿಂದಿನದಕ್ಕಿಂತ ಗಿಡ್ಡವಾಗಿತ್ತು. "ಇಲ್ಲಿ ಯಾಕೆ ಕುಸಿದಿದೆ?" ಎಂದು ಕೇಳಿದರು.

ಹೇಳಬೇಕೋ ಬೇಡವೋ ಎಂದುಕೊಂಡೆ. ಅಷ್ಟು ಹೇಳಿದ ಮೇಲೆ ಇಷ್ಟಕ್ಕೇನು ಎನ್ನಿಸಿತು. "ಅದು ದುರುಗವ್ವನ ವರ್ಷ ರೀ. ಕೇರಿಯಿಂದ ಬರ್ತಿದ್ಲು. ಬಾಗ್ಲ ಹೊರಗ ಕಟ್ಟಿ ಮ್ಯಾಲೆ ಕುಂತು ಪಾಠ ಕೇಳ್ತಿದ್ಲು. ಮಳಿ ಬಂದ್ರ ನೆನಕೋತ ಮಗ್ಗಿ ಹೇಳ್ತಿದ್ಲು. ಒಂದಿನ ನನಗ ತಡೀಲಿಲ್ಲ, ಒಳಗ ಕರದು ಎಲ್ಲಾರ ಜೋಡಿ ಚಾಪಿ ಮ್ಯಾಲೆ ಕುಂದರ್ಸಿದೆ. ನಾಕು ಮನಿಯೋರು ಅವರವರ ಹುಡುಗ್ಯಾರ್ನ ಬಿಡಿಸ್ಕೊಂಡು ಹೋದ್ರು."

"ಅವರು ತಿರುಗಿ ಬಂದರಾ?"

"ಇಬ್ರು ಬಂದ್ರು. ಇಬ್ರು ಬರಲಿಲ್ಲ."

"ಆ ಹುಡುಗಿ?"

"ಒಳಗ ಅದಾಳ ರೀ. ಮುಂದಿನ ಸಾಲಿನ್ಯಾಗ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಹುಕುಮನ್ನು ಎತ್ತಿ ಎರಡು ತುಂಡು ಮಾಡಿ ಮೇಜಿನ ಮೇಲೆ ಇಟ್ಟರು. ತಮ್ಮ ಕಪಾಟಿನಿಂದ ಒಂದು ಉದ್ದನೆಯ ಕಾಗದ ತೆಗೆದು ಖಾದರ್ ಮಾಸ್ತರಿಗೆ ಕೊಟ್ಟು, "ಬುಡದಿಂದ ಬರೆಯಿರಿ. ಎಡದಿಂದ ಬಲಕ್ಕೆ ಬರೆಯಿರಿ, ನನ್ನಂಥವರು ಬರುತ್ತಾರೆ" ಎಂದರು. ನಾವು ಬಾಗಿಲು ದಾಟುವಾಗ ಮತ್ತೆ ಕರೆದರು. "ನಡುವಿನ ಆ ಕಂಬ ಇದ್ದಷ್ಟೇ ಇರಲಿ. ಚಂದ ಕಾಣಲೆಂದು ಉದ್ದ ಮಾಡಬೇಡಿ."

ಎರಡನೆಯ ಅಕ್ಕೋರು ಇವತ್ತಿನವರೆಗೂ ಬಂದಿಲ್ಲ. ಹೊಸ ನಕ್ಷೆಯಲ್ಲಿ ನಮ್ಮ ಸಾಲೆಯ ಏರಿಕೆ ಕಣ್ಣಿಗೆ ಕಾಣುವುದೇ ಕಷ್ಟ. ಎಲ್ಲ ಕಂಬಗಳೂ ಹೆಚ್ಚುಕಡಿಮೆ ಒಂದೇ ಎತ್ತರ, ಒಂದು ಮಾತ್ರ ಚೂರು ಕೆಳಗೆ. ನೋಡಲು ಬಂದವರು ಇದರಲ್ಲಿ ಏನಿದೆ ಎಂದು ಕೇಳುತ್ತಾರೆ. ಏರಿದ ಕಂಬಗಳನ್ನೆಲ್ಲ ನೋಡಿ ಸಾಲೆ ಮುಚ್ಚಲು ಹೊರಟಿದ್ದ ಮನುಷ್ಯ, ಕುಸಿದ ಆ ಒಂದು ಕಂಬವನ್ನು ನೋಡಿ ಸಾಲೆಯನ್ನು ಉಳಿಸಿದರು ಎಂದು ನಾನು ಹೇಳುತ್ತೇನೆ.